ಮಾರ್ಟಿನೆಜ್‌ನಲ್ಲಿ ಒಂದು ಕನ್ನಡ ರುಜು

ಲಂಡನ್ನಿನಿಂದ ಹನ್ನೊಂದು ಗಂಟೆ ಹಾರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ. ನವೆಂಬರ್ ತಿಂಗಳಾದರೂ ಸ್ವೆಟರ್ ಬಿಚ್ಚುವಷ್ಟು ಬಿಸಿಲಿತ್ತು. ಚಿಕ್ಕಮ್ಮನ ಮಗಳು ರೇಖಾ ಕಾರು ತಂದಿದ್ದಳು. ಸ್ಯಾನ್ ಮಟಿಯೋ ಸೇತುವೆ ದಾಟುವಾಗ, "ನಿಮ್ಮ ಯುಕೆ ಪಾಲಿಟಿಕ್ಸು ಹೇಗಿದೆ ಅಕ್ಕಾ?" ಎಂದು ಕೇಳಿದಳು. ಆ ಸುದ್ದಿಯಿಂದ ತಪ್ಪಿಸಿಕೊಳ್ಳಲೆಂದೇ ಟಿಕೆಟ್ ಕೊಂಡು ಬಂದಿದ್ದೇನೆ ಮಾರಾಯ್ತಿ ಎಂದೆ.

ಅದು ನಿಜವೇ. ಇಂಗ್ಲೆಂಡಿನ ನಮ್ಮೂರಿನಲ್ಲಿ ಎಂಟು ವರ್ಷ ಒಂದು ಪಕ್ಷದ ಕರಪತ್ರ ಹಂಚಿದವಳು ನಾನು. ಅಲ್ಲಿ ಟಪಾಲು ಹಾಕುವ ಕಿಂಡಿ ಬಾಗಿಲಿನಲ್ಲೇ ಇರುತ್ತದೆ, ಒಳಗಡೆ ನಾಯಿ ಬಾಯಿ ತೆರೆದು ಕಾಯುತ್ತಿರುತ್ತದೆ. 'ಗ್ರಂಥಾಲಯ ಮುಚ್ಚಲು ಬಿಡೆವು' ಎಂಬ ಕರಪತ್ರವನ್ನು ಬೆರಳು ಉಳಿಸಿಕೊಂಡು ಮನೆಮನೆಗೆ ತೂರಿಸಿದ್ದು ಇದೇ ಕೈ. ಗೆದ್ದ ಮರುವರ್ಷ ಅವರೇ ಅದಕ್ಕೆ ಬೀಗ ಜಡಿದರು. ಅದೇ ವಾರ ಒಬ್ಬ ಮಂತ್ರಿಯ ಒಂದೇ ಭಾಷಣವನ್ನು ಒಂದು ಪತ್ರಿಕೆ ದಿಟ್ಟತನ ಎಂದು ಹೊಗಳಿತು, ಇನ್ನೊಂದು ನಾಚಿಕೆಗೇಡು ಎಂದು ಉಗಿಯಿತು. ಆತ ಹೇಳಿದ್ದೇನು ಎಂಬುದು ಎರಡರಲ್ಲೂ ಒಳಪುಟದ ಮೂಲೆಯಲ್ಲಿತ್ತು. ಇನ್ನು ಓಟೂ ಬೇಡ, ಪೇಪರೂ ಬೇಡ ಎಂದು ಕೈತೊಳೆದುಕೊಂಡೆ. ಅಂಚೆ ಮತಕ್ಕೆ ಮತ್ತೆ ಅರ್ಜಿ ಹಾಕಿ ಎಂದು ಬಂದ ಕಾಗದ ಅಡುಗೆಮನೆಯ ಡ್ರಾಯರಿನಲ್ಲೇ ಉಳಿಯಿತು.

ಎರಡನೆಯ ದಿನ ಸ್ಯಾನ್ ರಮೋನ್‌ನ ರೇಖಾಳ ಮನೆಯಲ್ಲಿ ಮುದ್ದೆ, ಉಪ್ಪುಸಾರು. ಕೆಳಗಿನ ಟೀವಿಯಲ್ಲಿ ರೇಖಾ ಒಂದು ಚಾನಲ್ಲು, ಮೇಲಿನ ಟೀವಿಯಲ್ಲಿ ಅವಳ ಗಂಡ ಇನ್ನೊಂದು ಚಾನಲ್ಲು ಹಾಕಿಕೊಂಡಿದ್ದರು. ಚುನಾವಣೆ ಮುಗಿದು ಮೂರು ವಾರ ಕಳೆದರೂ ಎರಡೂ ಕಡೆ ಕೂಗಾಟ ನಿಂತಿರಲಿಲ್ಲ.

"ಅವ್ನ ಟೀವೀಲಿ ಮಳೆ, ಇವ್ಳ ಟೀವೀಲಿ ಬಿಸ್ಲು" ಎಂದಳು ಜಯಮ್ಮ ಚಿಕ್ಕಮ್ಮ. "ನಾನು ಕಿಟ್ಕಿ ನೋಡ್ಕೊಂಡು ಬಟ್ಟೆ ಒಣಗಾಕ್ತೀನಿ."

ಚಿಕ್ಕಮ್ಮನಿಗೆ ಎಪ್ಪತ್ತೆರಡು. ಮಂಡ್ಯದ ಕಡೆ ಹಳ್ಳಿಯ ಹಾಲಿನ ಡೇರಿಗೆ ಬಹುಕಾಲ ಕಾರ್ಯದರ್ಶಿಯಾಗಿದ್ದವಳು. ಹೋದ ವರ್ಷ ಇಲ್ಲಿಯ ಪೌರತ್ವ ಸಿಕ್ಕಿ, ಈ ಸಲ ಮೊದಲ ಓಟು ಹಾಕಿದ್ದಳು. ಇಲ್ಲಿ ಮತಪತ್ರ ಮನೆಗೇ ಬರುತ್ತದೆ. ತುಂಬಿ, ಲಕೋಟೆಯ ಮೇಲೆ ರುಜು ಹಾಕಿ ಅಂಚೆಗೆ ಹಾಕಿದರಾಯಿತು.

ಅಡುಗೆಕಟ್ಟೆಯ ಮೇಲೆ ಪಕ್ಷಗಳ ಕರಪತ್ರ ರಾಶಿ ಬಿದ್ದಿತ್ತು. ಹುಟ್ಟುಗುಣ ಸುಟ್ಟರೂ ಹೋಗದು; ಯಾರ ಕಾಗದ ದಪ್ಪ, ಯಾರ ನಗು ಅಗಲ ಎಂದು ನೋಡುತ್ತಾ ವಿಂಗಡಿಸತೊಡಗಿದೆ. ನಡುವೆ ಕೌಂಟಿ ಚುನಾವಣಾ ಕಚೇರಿಯ ಕಾಗದ ಸಿಕ್ಕಿತು. ಲಕೋಟೆಯ ರುಜು ದಾಖಲೆಯ ರುಜುವಿಗೆ ಹೊಂದುತ್ತಿಲ್ಲ, ಸರಿಪಡಿಸದಿದ್ದರೆ ಮತ ಎಣಿಸಲಾಗದು ಎಂದಿತ್ತು. ಕೊನೆಯ ದಿನ ಮರುದಿನವೇ.

ರೇಖಾ ತಲೆ ಚಚ್ಚಿಕೊಂಡಳು. "ಎಲ್ಲಾ ಜಂಕ್ ಮೇಲು ಅಂದ್ಕೊಂಡಿದ್ದೆ. ಅಮ್ಮಾ, ಇಂಗ್ಲಿಷ್ ಸೈನು ಪ್ರಾಕ್ಟೀಸ್ ಮಾಡ್ಸಿದ್ನಲ್ಲ?"

ಚಿಕ್ಕಮ್ಮ ಕೈಬೆರಳು ನೋಡಿಕೊಂಡಳು. "ಮೊದುಲ್ನೇ ಓಟು ಅಂತ ಖುಸಿ ಆಗೋಯ್ತು. ಕೈ ಡೇರಿ ರುಜುನೇ ಹಾಕ್ಬುಡ್ತು, ಕನ್ನಡದಲ್ಲಿ."

"ರಿಸಲ್ಟು ಬಂದಾಯ್ತು. ಒಂದು ಓಟಿಂದ ಈಗ ಏನಾಗುತ್ತೆ, ಬಿಡಮ್ಮ."

ಚಿಕ್ಕಮ್ಮನ ಕಣ್ಣು ತುಂಬಿತು. "ಗೆಲ್ಲಕ್ಕೆ ಅಂತ ಹಾಕಿಲ್ಲ ಕಣವ್ವ. ಎಣಿಸ್ಲಿ ಅಂತ ಹಾಕಿದ್ದು. ಡೇರೀಲಿ ಅರ್ಧ ಲೀಟ್ರು ಹಾಲು ತಂದೋಳ್ನೂ ನಾನು ವಾಪಸ್ ಕಳಿಸ್ತಿರ್ಲಿಲ್ಲ."

ರೇಖಾಳಿಗೆ ಮರುದಿನ ಬಿಡಲಾಗದ ಮೀಟಿಂಗು. ಕಾರಿನ ಕೀಲಿ ನಾನು ತೆಗೆದುಕೊಂಡೆ.

ಕಚೇರಿ ಇರುವುದು ಮಾರ್ಟಿನೆಜ್‌ನಲ್ಲಿ, ಆರುನೂರ ಎಂಬತ್ತನೆಯ ನಂಬರಿನ ಹೆದ್ದಾರಿಯಲ್ಲಿ ಉತ್ತರಕ್ಕೆ ಸುಮಾರು ಮೂವತ್ತೈದು ಕಿಲೋಮೀಟರು. ಮಂಡ್ಯದಲ್ಲೂ ಇಂಗ್ಲೆಂಡಿನಲ್ಲೂ ಎಡಗಡೆ ಓಡಿಸಿದ ನನಗೆ ಬಲಗಡೆಯ ರಸ್ತೆ ಹೊಸದು. ಎರಡೂ ಕಡೆ ಒಣಹುಲ್ಲಿನ ಬೆಟ್ಟಗಳು ಹೊಳೆಯುತ್ತಿದ್ದವು, ನೋಡುವ ಧೈರ್ಯ ಸಾಲಲಿಲ್ಲ. ಚಿಕ್ಕಮ್ಮ ಚಿತ್ರಾನ್ನದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಸಾರಥ್ಯ ವಹಿಸಿದಳು.

"ಎಡನೂ ಬ್ಯಾಡ, ಬಲನೂ ಬ್ಯಾಡ. ನಿನ್ ಗೆರೆ ನೋಡ್ಕೊಂಡು ಓಗು."

ಕಚೇರಿಯ ಹೆಂಗಸು ಲಕೋಟೆಯ ಚಿತ್ರವನ್ನು ಪರದೆಯ ಮೇಲೆ ತೆರೆದು, ದಾಖಲೆಯಲ್ಲಿರುವಂತೆಯೇ ಈ ಫಾರಂ ಮೇಲೆ ರುಜು ಹಾಕಿ ಎಂದಳು. ಚಿಕ್ಕಮ್ಮ ಉಸಿರು ಬಿಗಿಹಿಡಿದು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಬರೆದಳು. ಹೆಂಗಸು ಅದನ್ನು ದಾಖಲೆಯ ರುಜುವಿಗೆ ಹೋಲಿಸಿ ನೋಡಿ, ಸರಿಯಿದೆ ಎಂದು ತಲೆಯಾಡಿಸಿದಳು. ಆಮೇಲೆ ಪರದೆಯ ಕನ್ನಡವನ್ನು ತೋರಿಸಿ, ಇದು ಬಹಳ ಚೆನ್ನಾಗಿದೆ, ಇದೇ ನಿಮ್ಮ ರುಜುವಾದರೆ ಹೊಸ ನೋಂದಣಿ ಫಾರಂ ತುಂಬಿ, ಮುಂದಿನ ಸಲದಿಂದ ಇದೇ ನಡೆಯುತ್ತದೆ ಎಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಚಿಕ್ಕಮ್ಮ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ಫಾರಂ ತುಂಬಿದವಳು ನಾನು. ಯಾವ ಪಕ್ಷ ಎಂಬ ಪ್ರಶ್ನೆ ಬಂತು.

"ಪಕ್ಸ ಅಂದ್ರೆ ನಂಗೆ ಪಿತೃಪಕ್ಸ ಒಂದೇ" ಎಂದಳು ಚಿಕ್ಕಮ್ಮ. "ಇವ್ರೂ ಅಂಗೇ ಅಲ್ವಾ? ಕಾಲ ಬಂದಾಗ ಬತ್ತಾರೆ, ಎಡೆ ಉಂಡ್ಕೊಂಡು ಓಯ್ತಾರೆ. ಯಾವ್ದೂ ಇಲ್ಲ ಅಂತ ಬರಿ."

ಪಕ್ಷ ಬೇಡ ಎಂಬ ಚೌಕಕ್ಕೆ ಗುರುತು ಹಾಕಿದೆ. ಬಾಯಿ ಸುಮ್ಮನಿರಲಿಲ್ಲ. "ಮತ್ತೆ ಓಟು ಯಾಕೆ ಹಾಕ್ತೀಯ ಚಿಕ್ಕಮ್ಮ?"

"ಎಡೆ ಇಕ್ಕೋದು ಅವ್ರು ಉಂತಾರೆ ಅಂತಲಾ? ಈ ಮನೇಲಿ ನಾವು ಇದ್ದೀವಿ ಅಂತ ಗೊತ್ತಾಗ್ಲಿ ಅಂತ" ಎಂದು ಪೆನ್ನು ಕಿತ್ತುಕೊಂಡು, ಬಿ. ಜಯಮ್ಮ ಎಂದು ಕನ್ನಡದಲ್ಲಿ ಒಂದೇ ಬೀಸಿಗೆ ರುಜು ಹಾಕಿ, ಕೆಳಗೆ ಗೆರೆಯನ್ನೂ ಎಳೆದಳು. ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಎಂಟು ವರ್ಷ ಪಕ್ಷಕ್ಕೆ ಎಡೆ ಇಕ್ಕಿ, ಉಂಡವರ ಮೇಲಿನ ಕೋಪಕ್ಕೆ ನಾನು ಮನೆಯನ್ನೇ ಬಿಟ್ಟು ನಡೆದಿದ್ದೆ.

ನೀರಿನ ದಂಡೆಯಲ್ಲಿ ಬೆಂಚು ಹುಡುಕಿ ಚಿತ್ರಾನ್ನ ತಿಂದೆವು. ತಣ್ಣಗಾಗಿದ್ದರೂ ಅಷ್ಟು ರುಚಿಯ ಚಿತ್ರಾನ್ನ ನಾನು ತಿಂದಿರಲಿಲ್ಲ.

ಹೊರಡುವ ದಿನ ವಿಮಾನ ನಿಲ್ದಾಣದ ದಾರಿಯಲ್ಲಿ ಚಿಕ್ಕಮ್ಮನ ಫೋನಿಗೆ ಸಂದೇಶ ಬಂತು. ರೇಖಾ ಕೆಂಪುದೀಪದಲ್ಲಿ ಓದಿದಳು: ನಿಮ್ಮ ಮತ ಎಣಿಸಲಾಗಿದೆ.

"ಇನ್ನೊಂದ್ಸಲ ಓದು" ಎಂದಳು ಚಿಕ್ಕಮ್ಮ. ರೇಖಾ ಓದಿದಳು. ಮುಂದಿನ ಕೆಂಪುದೀಪದಲ್ಲಿ ಕೇಳದೆಯೇ ಮತ್ತೊಮ್ಮೆ ಓದಿದಳು.

ಇಂಗ್ಲೆಂಡಿನಲ್ಲಿ ಮಳೆ ಹಿಡಿದಿತ್ತು. ಪೆಟ್ಟಿಗೆ ಬಿಚ್ಚುವ ಮೊದಲೇ ಡ್ರಾಯರಿನಿಂದ ಅಂಚೆ ಮತದ ಕಾಗದ ತೆಗೆದೆ. ಮುಂದಿನ ಚುನಾವಣೆಯಲ್ಲಿ ಯಾರಿಗೆ ಓಟು ಹಾಕುತ್ತೇನೋ ನನಗೆ ಇನ್ನೂ ಗೊತ್ತಿಲ್ಲ. ಅರ್ಜಿಗೆ ಮಾತ್ರ ರುಜು ಹಾಕಿದ್ದೇನೆ, ಕನ್ನಡದಲ್ಲಿ, ಕೆಳಗೊಂದು ಗೆರೆ ಎಳೆದು.