ಎರಡು ಕಟ್ಟೆ, ಒಬ್ಬನೇ ಯಜಮಾನ

ಹುಳಿಯಾರು ದಾಟಿ ಎಳನೀರು ಕುಡಿಯಲೆಂದು ನಾನು ಕಾರು ನಿಲ್ಲಿಸಿದ್ದು ಕುರಿ ಸಾಕುವ ಬುಡಕಟ್ಟಿನವರ ಒಂದು ಹಟ್ಟಿಯ ಮುಂದೆ. ಬೇವಿನ ಮರದ ಕೆಳಗೆ ಜನ ಸೇರಿದ್ದರು. ಹಟ್ಟಿಯ ಯಜಮಾನ ಕರಿಯಣ್ಣನನ್ನೇ ಸುತ್ತಲಿನ ಹನ್ನೆರಡು ಹಟ್ಟಿಗಳ ತೀರ್ಪಿನ ಮೇಲೆ ದೂರು ಕೇಳುವ ಕಟ್ಟೆಮನೆಗೂ ಗೌಡನನ್ನಾಗಿ ಆರಿಸಿದ್ದಾರೆ, ಈಗ ಪೇಟ ಕಟ್ಟುತ್ತಾರೆ ಎಂದು ಎಳನೀರು ಕೊಚ್ಚುತ್ತಿದ್ದವನು ಹೇಳಿದ.

ಅಷ್ಟರಲ್ಲಿ ಈರಮ್ಮ ಎಂಬ ಹೆಂಗಸು ಎದ್ದು ನಿಂತಳು. ಹೆರಿಗೆಯಾದ ಮಗಳನ್ನು ಸೂತಕವೆಂದು ಹಟ್ಟಿಯಾಚೆಯ ಗುಡಿಸಲಿಗೆ ಕಳಿಸದೆ ಮನೆಯೊಳಗೇ ಮಲಗಿಸಿದ್ದಕ್ಕೆ ಕರಿಯಣ್ಣ ಅವಳ ಮನೆಯವರನ್ನು ಕುಲದಿಂದ ಹೊರಗಿಟ್ಟಿದ್ದನಂತೆ.

“ಇಲ್ಲಿ ನೀನು ತಪ್ಪು ಅಂದೆ. ಕಟ್ಟೆಮನೆಗೆ ಹೋಗಾನ ಅಂದ್ರೆ ಅಲ್ಲೂ ನೀನೇ ಕೂತಿರ್ತೀಯ. ನಾನು ಯಾರ ತಾವ ಹೋಗ್ಲಿ, ನೀನೇ ಹೇಳಣ್ಣ.”

“ಸಾಕು, ಕೂತ್ಕಳೇ” ಎಂದು ಯಾರೋ ಗದರಿದರು. ಕರಿಯಣ್ಣ ಕೈಯೆತ್ತಿ ಅವರನ್ನು ತಡೆದ. ಹಟ್ಟಿಯ ಯಜಮಾನಿಕೆ ಬಿಟ್ಟು ದೊಡ್ಡದನ್ನು ಉಳಿಸಿಕೊಳ್ಳುತ್ತಾನೆ ಎಂದೇ ನಾನು ಎಣಿಸಿದ್ದೆ. ಅವನು ಪೇಟವಿದ್ದ ತಟ್ಟೆಯನ್ನು ದೂರ ಸರಿಸಿದ.

“ದೊಡ್ಡದು ಬೇರೆಯವರು ನೋಡ್ಕಳ್ಳಿ ಕಣ್ರಪ್ಪ. ನಾನು ಮಾಡಿದ್ದು ಸರಿ ಅಂತ್ಲೇ ಈಗ್ಲೂ ಅಂತೀನಿ. ಆದ್ರೆ ಅದು ಸರೀನಾ ಅಂತ ನಾನೇ ತೀರ್ಮಾನ ಮಾಡಕಾಗಲ್ಲ. ಈಯಮ್ಮ ಅಲ್ಲಿ ದೂರು ಹೇಳ್ಲಿ. ನಾನೂ ಬಂದು, ನಿಂತ್ಕಂಡು ಉತ್ತರ ಕೊಡ್ತೀನಿ.”

ಈರಮ್ಮ ಕೈಮುಗಿಯಲೂ ಇಲ್ಲ, ಅಳಲೂ ಇಲ್ಲ. ಸೆರಗು ಬಿಗಿದುಕೊಂಡು ಇಷ್ಟೇ ಕೇಳಿದಳು:

“ಹೊಸ ಗೌಡ ಯಾವತ್ತು ಕೂತ್ಕತ್ತಾನೆ?”