ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್

2024ರ ಜುಲೈ ಮೊದಲ ವಾರ, ನಮ್ಮ ವೈನಿಯ ಹಳೆಯ ಜೀಪು ಸಿಕಂದರಾಬಾದ್ ಬಳಿಯ ನಾಚಾರಂನ ಒಣ ಕಾಂಕ್ರೀಟ್ ರಸ್ತೆಯ ಮೇಲೆ ನಿಂತುಬಿಟ್ಟಿತು. ಕೆಸರಿರಲಿಲ್ಲ, ಗುಂಡಿಯಿರಲಿಲ್ಲ. ಎಂಜಿನ್ ಓಡುತ್ತಿತ್ತು. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುತ್ತಿತ್ತು. ಗಾಡಿ ಮಾತ್ರ ಮುಂದೆ ಹೋಗಲೊಲ್ಲದು.

ವೈನಿ ಎಂದರೆ ಅಣ್ಣನ ಹೆಂಡತಿ, ಬೀದರ್ ಕಡೆಯವರು, ಪಶುವೈದ್ಯೆ. ನಾರಾಯಣಗೂಡದ ಮನೆಯಲ್ಲಿ ನಾವು ಒಟ್ಟಿಗೇ ಇದ್ದೇವೆ. ಅದರ ಹಿಂದಿನ ವರ್ಷ ಅವರು ನಾಯಿ, ಬೆಕ್ಕುಗಳ ಕ್ಲಿನಿಕ್ ಕೆಲಸ ಬಿಟ್ಟು, ಊರ ಹೊರಗಿನ ಎಮ್ಮೆ ಕೊಟ್ಟಿಗೆಗಳ ಸುತ್ತು ಹಿಡಿದಿದ್ದರು. ಕೊಟ್ಟಿಗೆಗಳಿಗೆ ಹೋಗುವ ಕೊನೆಯ ದಾರಿ ಕರಿಮಣ್ಣಿನದು. ಮೊದಲ ಮಳೆಗಾಲದಲ್ಲೇ ಅವರ ಸಣ್ಣ ಕಾರು ಅಲ್ಲಿ ಹೂತುಕೊಂಡಿತು. ಅವರು ಕೆಸರು ತುಳಿದು ತಲುಪುವಷ್ಟರಲ್ಲಿ, ಅಡ್ಡ ಬಿದ್ದಿದ್ದ ಕರು ಹೊಟ್ಟೆಯಲ್ಲೇ ಸತ್ತಿತ್ತು. ಮುಂದಿನ ಮಳೆಗಾಲದಲ್ಲೂ ಹೀಗೇ ಆದರೆ ಬೇರೆ ಡಾಕ್ಟರನ್ನು ನೋಡಿಕೊಳ್ಳುತ್ತೇವೆ ಎಂದು ಕೊಟ್ಟಿಗೆಯವರು ಹೇಳಿದರು.

ಜೀಪು ಬಂದದ್ದು ಅದಕ್ಕಾಗಿ. ತಂದವನು ಅಣ್ಣ. ಮುಂದಿನ ಆಕ್ಸಲ್ ಮುರಿದಿತ್ತು. ಹರಾಜಾದ ಮಿಲಿಟರಿ ಗಾಡಿಗಳ ಭಾಗಗಳು ಸಿಕಂದರಾಬಾದ್ ಕಡೆಯ ಗುಜರಿಗಳಲ್ಲಿ ಸಿಗುತ್ತವೆ. ಅಣ್ಣ ಮತ್ತು ನಾಚಾರಂನ ಮಿಸ್ತ್ರಿ ಹೋಗಿ ಒಂದು ಆಕ್ಸಲ್ ಆರಿಸಿ ತಂದರು. ಅದೇ ಉದ್ದ, ಅದೇ ಗಾತ್ರ, ಬೋಲ್ಟಿನ ತೂತುಗಳೂ ಕೂಡಿದವು. ಮಿಸ್ತ್ರಿ ರಾಯಚೂರಿನವರು. ಅವರ ಶೆಡ್ಡಿನ ಪದ್ಧತಿಯಂತೆ ಮೊದಲು ಮುಂದಿನ ಭಾಗ ಎತ್ತಿ ಚಕ್ರಗಳನ್ನು ಕೈಯಿಂದ ತಿರುಗಿಸಿ ಸದ್ದು ಕೇಳಿದರು. ಅದನ್ನು ಇಳಿಸಿ, ಹಿಂದಿನ ಭಾಗ ಎತ್ತಿ ಕೇಳಿದರು. ಎರಡೂ ಪಾಸಾದವು. ಎರಡನ್ನೂ ಜೋಡಿಸಿ ವೈನಿ ಓಡಿಸಿ ನೋಡಿದ್ದು, ಜೀಪು ರಸ್ತೆಯಲ್ಲಿ ನಿಂತ ಆ ದಿನವೇ ಮೊದಲು.

"ಬಿಗಿ ಐತಿ, ಅಷ್ಟ. ಓಡಿಸ್ಕೋತ ಹೋದ್ರ ಸಡಿಲ ಆಗ್ತೈತಿ," ಎಂದ ಅಣ್ಣ. "ಹೊಸದರಾಗ ಹಿಂಗಾ."

"ಹೊಸದಾ? ನಿಮಗಿಂತ ಹಿರೇದೈತ್ರೀ ಇದು," ಎಂದರು ವೈನಿ.

ಮಿಸ್ತ್ರಿ ಬಗ್ಗಿ ನೋಡಿದರು. "ಒಣಾ ರೋಡಿನ್ಯಾಗ ನಾಕೂ ಚಕ್ರ ಜೋಡಸಬಾರ್ದ್ರಿ ಅಕ್ಕಾರ. ಯಾರ ಗಾಡಿ ಆದ್ರೂ ಹಿಡೀತೈತಿ."

ಮಾತು ಸುಳ್ಳಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಒಂದೇ ಆಕ್ಸಲ್‌ನ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವುದು ನಡುವಿನ ಡಿಫರೆನ್ಷಿಯಲ್. ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹೊಡೆಯುತ್ತವೆ. ಆದರೆ ಇಂಥ ಜೀಪಿನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಗೇರಿನ ಪಕ್ಕದ ಚಿಕ್ಕ ಲಿವರ್ ಎಳೆದರೆ ಎರಡಕ್ಕೂ ಹೋಗುವ ಶಾಫ್ಟ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಕೆಸರಿನಲ್ಲಿ ಚಕ್ರ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಕಾಂಕ್ರೀಟಿನ ಮೇಲೆ ಜಾರುವುದಿಲ್ಲ; ತಿರುಚುವ ಬಲ ಶಾಫ್ಟುಗಳ ಒಳಗೇ ಸೇರುತ್ತಾ ಹೋಗುತ್ತದೆ.

ವೈನಿ ಲಿವರ್ ಬಿಡಿಸಲು ನೋಡಿದರು. ಅದು ಅಲುಗಲಿಲ್ಲ. ಹಿಂದೆ ತಿರುಗಿ ಬಂದ ರಸ್ತೆಯನ್ನೊಮ್ಮೆ ನೋಡಿದರು.

"ತಿರುವಿನ್ಯಾಗ ಹಿಡದಿದ್ರ ಒಪ್ತಿದ್ದೆ. ನಾ ಶೆಡ್ಡಿನ ಗೇಟಿನಿಂದ ನೆಟ್ಟಗ ಬಂದೀನಿ. ನೆಟ್ಟಗ ಬರೋ ಗಾಡಿ ಯಾಕ ಹಿಡೀಬೇಕು?"

ಮಿಸ್ತ್ರಿ ಜ್ಯಾಕ್ ತಂದರು. ಮುಂದಿನ ಒಂದು ಚಕ್ರ ನೆಲ ಬಿಟ್ಟ ಕೂಡಲೇ ತಾನಾಗಿ ಗಕ್ಕನೆ ತಿರುಗಿತು. ಲಿವರ್ ಸಡಿಲವಾಯಿತು. ಜೀಪನ್ನು ಶೆಡ್ಡಿಗೆ ತಂದು, ಹಿಂದಿನ ಒಂದೇ ಚಕ್ರ ಎತ್ತಿ, ಶಾಫ್ಟ್ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಒಂದು ಚಕ್ರ ನೆಲದ ಮೇಲೆ ನಿಂತಿರುವಾಗ ಇನ್ನೊಂದನ್ನು ಎರಡು ಸುತ್ತು ತಿರುಗಿಸಿದರೆ ಆಕ್ಸಲ್‌ನ ನಿಜವಾದ ಗೇರ್ ಅನುಪಾತ, ಅಂದರೆ ಚಕ್ರಗಳ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತುತ್ತದೆ ಎಂಬುದು, ಸಿಗುತ್ತದೆ. ಹಿಂದಿನ ಶಾಫ್ಟ್ ನಾಲ್ಕು ಸುತ್ತು ದಾಟಿ ನಿಂತಿತು. ಮುಂದೆಯೂ ಹಾಗೇ ತಿರುಗಿಸಿ ನೋಡಿದಾಗ ಶಾಫ್ಟ್ ಐದನ್ನು ದಾಟಿತು. ಎರಡು ಆಕ್ಸಲ್‌ಗಳು ಬೇರೆ ಬೇರೆ ಗಾಡಿಗಳ ಲೆಕ್ಕದವು. ಜೋಡಿಸಿದರೆ ಮುಂದಿನ ಚಕ್ರಗಳು ನಿಧಾನವಾಗಿ, ಹಿಂದಿನವು ಜೋರಾಗಿ ತಿರುಗಲು ನೋಡುತ್ತಿದ್ದವು. ನೆಟ್ಟನೆಯ ರಸ್ತೆಯಲ್ಲೂ ಗಾಡಿ ತನ್ನೊಂದಿಗೆ ತಾನೇ ಜಗ್ಗಾಡುತ್ತಿತ್ತು.

"ಹೊರಗಿಂದ ಒಂದಾ ನಮೂನಿ ಇದ್ದುವಲ್ಲೋ," ಎಂದ ಅಣ್ಣ, ಮಿಸ್ತ್ರಿಗೆ.

"ನಾನೂ ಹೊರಗಿಂದಾ ನೋಡೀನ್ರಿ," ಎಂದರು ಮಿಸ್ತ್ರಿ.

"ಹಿಂಗ ಹೊರಗಿಂದ ನೋಡಿ ನಾ ಎಮ್ಮಿಗೆ ಔಷಧ ಕೊಟ್ಟಿದ್ರ ಓಡಿಸ್ಯಾಡಿ ಹೊಡೀತಿದ್ರು," ಎಂದು ವೈನಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು: "ದೊಡ್ಡ ಮಳಿ ಬರೋದ್ರೊಳಗ ಆಗ್ತೈತೇನ್ರಿ?"

ಆಕ್ಸಲ್ ಪೂರ್ತಿ ಬದಲಿಸಬೇಕಾಗಲಿಲ್ಲ. ಒಳಗಿನ ಕ್ರೌನ್ ಮತ್ತು ಪಿನಿಯನ್ ಗೇರುಗಳ ಜೋಡಿ ಬದಲಿಸಿದರೆ ಸಾಕಿತ್ತು. ಮತ್ತೆ ಗುಜರಿಗೆ ಹೋದಾಗ ವೈನಿಯೂ ಜೊತೆಗಿದ್ದರು. ಕೊಳ್ಳುವ ಮೊದಲು, ಹಿಂದಿನ ಅನುಪಾತಕ್ಕೆ ಕೂಡುತ್ತದೆಯೇ ಎಂದು ಗೇರಿನ ಹಲ್ಲುಗಳನ್ನು ಎಣಿಸಿದರು. ಮಿಸ್ತ್ರಿ ಈ ಸಲ ನಾಲ್ಕೂ ಚಕ್ರಗಳು ನೆಲ ಬಿಡುವಂತೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಲಿವರ್ ಎಳೆದು, ಒಟ್ಟಿಗೇ ಓಡಿಸಿ ನೋಡಿದರು.

ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ, ಎಮ್ಮೆ ಕರು ಹಾಕಲಾಗದೆ ಒದ್ದಾಡುತ್ತಿದೆ ಎಂದು ಕೊಟ್ಟಿಗೆಯಿಂದ ಫೋನ್ ಬಂತು. ಬೆಳಗಿನಿಂದ ಮಳೆ ಹೊಯ್ದಿತ್ತು. ನಾನೂ ಜೀಪಿನಲ್ಲಿದ್ದೆ. ಕರಿಮಣ್ಣಿನಲ್ಲಿ ಹಿಂದಿನ ಎಡ ಚಕ್ರ ಗಿರಗಿರ ತಿರುಗತೊಡಗಿತು. ಬಲಗಡೆಯದು ಸುಮ್ಮನೆ ನಿಂತಿತ್ತು. ಡಿಫರೆನ್ಷಿಯಲ್‌ನ ಕೊರತೆಯೇ ಅದು: ಜಾರುವ ಚಕ್ರ ಸುಮ್ಮನೆ ತಿರುಗುತ್ತದೆ, ಹಿಡಿತವಿರುವ ಚಕ್ರಕ್ಕೆ ಗಾಡಿ ಎಳೆಯುವಷ್ಟು ಬಲ ಸಿಗುವುದಿಲ್ಲ. ವೈನಿ ಗಾಡಿ ನಿಲ್ಲಿಸಿ ಚಿಕ್ಕ ಲಿವರ್ ಎಳೆದರು. ಮುಂದಿನ ಚಕ್ರಗಳು ಮಣ್ಣು ಕಚ್ಚಿದವು. ಜೀಪು ನಿಧಾನವಾಗಿ ಮುಂದೆ ಸರಿದು ಕೊಟ್ಟಿಗೆಯ ಬಾಗಿಲಿಗೆ ಹೋಗಿ ನಿಂತಿತು. ಕತ್ತಲಾಗುವ ಮೊದಲೇ ಎಮ್ಮೆ ಕರು ಹಾಕಿತು. ಕರುವೂ ತಾಯಿಯೂ ಬದುಕಿದವು.

ಕೊಟ್ಟಿಗೆಗಳ ಸುತ್ತು ಈಗಲೂ ವೈನಿಯ ಬಳಿಯೇ ಇದೆ. ಕಳೆದ ವಾರ ಪಕ್ಕದ ಹಳ್ಳಿಯ ಎರಡು ಕೊಟ್ಟಿಗೆಯವರು ಬಂದು, ನಮ್ಮಲ್ಲಿಗೂ ಬನ್ನಿ ಎಂದು ತಮ್ಮ ಕಡೆಯ ದಾರಿ ತೋರಿಸಿ ಹೋಗಿದ್ದಾರೆ.