ಹೊಸ ವಾರ್ಡಿನ ನಿಜವಾದ ರೋಗಿ

ಆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸುಗಳಿಂದ ಹಿಡಿದು ಕ್ಯಾಂಟೀನಿನವರವರೆಗೆ ಎಲ್ಲರಿಗೂ ಅವನು ಗಾಡಿಮಾವ. ರೋಗಿಗಳನ್ನು ಮಲಗಿಸಿದ ಗಾಡಿ ತಳ್ಳುತ್ತಲೇ ಅವನ ತಲೆ ನರೆತಿತ್ತು. ಗಾಡಿಯ ಒಂದು ಚಕ್ರ ಸದಾ ಎಡಕ್ಕೆಳೆಯುತ್ತಿತ್ತು. "ಈ ಕಾಲದಲ್ಲಿ ಪಕ್ಷ ಬದಲಾಯಿಸದೆ ಇರೋದು ಇದೊಂದೇ ನೋಡಿ" ಎಂದು ನೋವಿನಲ್ಲಿದ್ದವರನ್ನೂ ನಗಿಸುತ್ತಿದ್ದ.

ಹೆಂಡತಿಯ ಶ್ವಾಸಕೋಶ ಕೈಕೊಟ್ಟ ಮೇಲೆ ಅವನ ನಗುವೂ ಕಡಿಮೆಯಾಯಿತು. ನಾಲ್ಕು ಹೆಜ್ಜೆ ಇಟ್ಟರೆ ಅವಳಿಗೆ ಏದುಸಿರು. ಹಳೇ ವಾರ್ಡಿನಲ್ಲಿ ಒಂದು ಮಂಚಕ್ಕೆ ಇಬ್ಬರು ರೋಗಿಗಳು. "ಹೊಸ ವಾರ್ಡ್ ಶುರುವಾಗ್ಲಿ ಮಾವ, ಮೊದಲ ಮಂಚ ಅಮ್ಮನಿಗೇ" ಎಂದು ಡಾಕ್ಟರು ಸಮಾಧಾನ ಹೇಳಿ ಅವಳನ್ನು ಮನೆಗೆ ಕಳಿಸಿದ್ದರು.

ಹೊಸ ವಾರ್ಡು ಅಂಗಳದಾಚೆ ಬಣ್ಣ ಬಳಿದುಕೊಂಡು ಸುಮ್ಮನೆ ನಿಂತಿತ್ತು. ಕೊಟ್ಟ ಮಾತಿನಂತೆ ಹಣ ಕೊಟ್ಟಾಗಿದೆ ಎಂದು ಆಳುವ ಪಕ್ಷ. ಕೊಟ್ಟಿದ್ದು ಬರೀ ಗೋಡೆಗೆ, ಡಾಕ್ಟರು ನರ್ಸುಗಳಿಗೆ ಯಾರು ಕೊಡುತ್ತಾರೆ ಎಂದು ವಿರೋಧ ಪಕ್ಷ. ಇಬ್ಬರಿಗೂ ಉಸಿರಿಗೇನು ಬರವೇ, ಗಂಟಲು ಹರಿಯುವಂತೆ ಕೂಗಾಡಿದರು.

ಚುನಾವಣೆ ಹತ್ತಿರವಾದಾಗ ಮಂತ್ರಿಗಳು ಉದ್ಘಾಟನೆಗೆ ಬರುತ್ತಾರೆಂದು ಸುದ್ದಿ ಬಂತು. ರೋಗಿಗಳನ್ನು ಅಲ್ಲಿಗೆ ಸಾಗಿಸೋಣವೆಂದರೆ ನೋಡಿಕೊಳ್ಳುವವರಿಲ್ಲ. ಖಾಲಿ ಮಂಚ ಕ್ಯಾಮೆರಾಗೆ ಕಂಡರೆ ಮಾನ ಹೋಗುತ್ತದೆ. ಆಸ್ಪತ್ರೆಯ ಮುಖ್ಯಸ್ಥರು ನೌಕರರನ್ನು ಕರೆದರು. "ಮನೆಯವ್ರನ್ನ ಕರ್ಕೊಂಡು ಬನ್ನಿ. ಸ್ವಲ್ಪ ಹೊತ್ತು ಮಲಗಿ ಎದ್ದು ಹೋಗ್ಲಿ."

ಎಲ್ಲರೂ ಗಟ್ಟಿಮುಟ್ಟಾದವರನ್ನು ತಂದರು. ಗಾಡಿಮಾವ ಹೆಂಡತಿಯನ್ನು ತಂದ. ಒಮ್ಮೆ ಮಲಗಿಸಿದರೆ ಆಮೇಲೆ ಎಬ್ಬಿಸುವ ಧೈರ್ಯ ಯಾರಿಗಿದೆ ಎಂಬುದು ಅವನ ಲೆಕ್ಕಾಚಾರ. ಮಂತ್ರಿಗಳು ನೋಡಲೆಂದು ಕೊಳವೆಗಳಿಗೆ ಆಮ್ಲಜನಕವನ್ನೂ ಬಿಟ್ಟಿದ್ದರು.

"ರೀ, ಹೀಗೆ ಉಸಿರಾಡಿ ಎಷ್ಟು ದಿನ ಆಗಿತ್ತು" ಎಂದಳು ಅವಳು ಮಾಸ್ಕಿನೊಳಗಿಂದ. ಅವನ ಕಣ್ಣು ತುಂಬಿತು.

ಮಂತ್ರಿಗಳು ಟೇಪು ಕತ್ತರಿಸಿ, ಕೈಬೀಸಿ ಹೋದರು. ಅವರ ಕಾರು ಗೇಟು ದಾಟಿದ್ದೇ ತಡ, ವಿರೋಧ ಪಕ್ಷದ ನಾಯಕರು ಕ್ಯಾಮೆರಾದವರೊಂದಿಗೆ ನುಗ್ಗಿದರು. ನರ್ಸಮ್ಮನ ನಾದಿನಿ ಬ್ಯಾಂಡೇಜು ಸುತ್ತಿದ ಕಾಲಲ್ಲೇ ಓಡಿದಳು. ಕ್ಯಾಂಟೀನಿನವನ ಭಾವ ಹೊದಿಕೆ ಸಮೇತ ಪರಾರಿ. ಮುಖ್ಯಸ್ಥರು ಅದಕ್ಕೂ ಮೊದಲೇ ಜಾಗ ಖಾಲಿ ಮಾಡಿದ್ದರು. ಉಳಿದದ್ದು ಒಬ್ಬಳೇ.

"ಏಳಮ್ಮ, ನಾಟಕ ಸಾಕು" ಎಂದರು ನಾಯಕರು.

"ನನ್ನ ಹೆಂಡ್ತಿ ಸಾರ್. ನಿಜವಾಗ್ಲೂ ಕಾಯಿಲೆ ಇದೆ" ಎಂದು ಗಾಡಿಮಾವ ಕೈಮುಗಿದ.

ನಾಯಕರು ಕ್ಯಾಮೆರಾದ ಕಡೆ ತಿರುಗಿದರು. "ನೋಡಿ, ಗಂಡ ಇಲ್ಲೇ ನೌಕರ. ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?"

ಎಲ್ಲರೂ ನಕ್ಕರು. ಜೀವಮಾನದಲ್ಲಿ ಒಬ್ಬರ ಕೈಲೂ ಸುಳ್ಳಿ ಅನ್ನಿಸಿಕೊಳ್ಳದ ಹೆಂಗಸು ಅವಳು. ಮುಖದ ಮಾಸ್ಕು ಕಿತ್ತು ಎದ್ದು ನಿಂತಳು. ಅವನು ಓಡಿಹೋಗಿ ಗಾಡಿ ತಂದ.

"ಬೇಡ ರೀ. ಅದ್ರಲ್ಲಿ ಮಲಗಿದ್ರೆ ಅದನ್ನೂ ನಾಟಕ ಅಂತಾರೆ."

ಗೋಡೆ ಹಿಡಿದುಕೊಂಡು, ಕೂತು, ಎದ್ದು, ಗೇಟಿನ ತನಕ ನಡೆದೇ ಹೋದಳು. ಕ್ಯಾಮೆರಾ ಅದನ್ನೂ ಚಿತ್ರೀಕರಿಸಿತು. 'ಎದ್ದು ನಡೆದ ನಕಲಿ ರೋಗಿ' ಎಂದು ರಾತ್ರಿಯಿಡೀ ಟೀವಿಯಲ್ಲಿ ತೋರಿಸಿದರು, ನಾಚಿಕೆಗೆಟ್ಟವರು. ತನಿಖೆಯ ಹೆಸರಿನಲ್ಲಿ ಹೊಸ ವಾರ್ಡಿಗೆ ಬೀಗ ಬಿತ್ತು. ಆ ವಾರ ಕಳೆಯುವ ಮುಂಚೆಯೇ ಅವಳು ಮನೆಯಲ್ಲೇ ಸತ್ತಳು.

ಆಗ ಆಳುವ ಪಕ್ಷದವರಿಗೆ ಅವನ ಮನೆಯ ದಾರಿ ತಿಳಿಯಿತು. ಒಬ್ಬ ಯುವ ಮುಖಂಡ ಕ್ಯಾಮೆರಾದವನನ್ನು ಕರೆದುಕೊಂಡು ಬಂದು ಗಾಡಿಮಾವನ ಕೈ ಹಿಡಿದುಕೊಂಡ. "ನಿಮ್ಮ ಮನೆಯವ್ರು ನಿಜವಾದ ರೋಗಿ ಅಂತ ಹೇಳಿಬಿಡಿ ಮಾವ. ಆ ವಿರೋಧ ಪಕ್ಷದವ್ರ ಬಾಯಿ ಮುಚ್ಚಿಸ್ತೀವಿ."

ಇವರ ಬಾಯಿ, ಅವರ ಬಾಯಿ ಯಾವುದೂ ಗಾಡಿಮಾವನಿಗೆ ಬೇಕಿರಲಿಲ್ಲ. ಹೆಂಡತಿಯ ಮೇಲೆ ಬಿದ್ದ ಸುಳ್ಳು ಅಳಿಸಿಹೋದರೆ ಸಾಕಿತ್ತು. ಕ್ಯಾಮೆರಾವನ್ನು ನೋಡುತ್ತಾ, "ನನ್ನ ಹೆಂಡ್ತಿ ನಾಟಕ ಮಾಡ್ಲಿಲ್ಲ" ಎಂದ.

"ಚೆನ್ನಾಗಿ ಬಂತು ಮಾವ. ಇನ್ನೊಂದ್ಸಲ ಹೇಳಿ, ಸ್ವಲ್ಪ ಅಳು ಬರ್ಲಿ."

ಗಾಡಿಮಾವ ಇನ್ನೊಮ್ಮೆ ಹೇಳಿದ. ಅಳು ಬರಲಿಲ್ಲ. ಮತ್ತೊಮ್ಮೆ ಹೇಳಿಸಿದರು.